ಹಿಡನ್ ಆಬ್ಜೆಕ್ಟ್ ಗೇಮ್: ಒಂದು ಬಿಡೋಕೆ ಮನಸ್ಸಾಗಲ್ಲ, ಇನ್ನೊಂದು ಅರ್ಧಕ್ಕೇ ಡಿಲೀಟ್. ಯಾಕೆ?

ಜೀರುಂಡೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಶೂಟಿಂಗ್ ಗೇಮ್, ಕ್ರಿಕೆಟ್ ಗೇಮ್ ಅಂತ ದಿನಾ ಜಗಳ ನಡೆಯುತ್ತಲೇ ಇರುತ್ತದೆ. ನನ್ನ ಪ್ರಶ್ನೆ ಸ್ವಲ್ಪ ಬೇರೆ. ಹಿಡನ್ ಆಬ್ಜೆಕ್ಟ್ ಗೇಮ್ ಆಡುವವರು ಯಾರಾದರೂ ಇದ್ದೀರಾ? ಅದೇ, ಸಾಮಾನು ತುಂಬಿದ ಒಂದು ಕೋಣೆ, ಕೆಳಗೆ ಒಂದು ಪಟ್ಟಿ, ಒಂದೊಂದೇ ಹುಡುಕಿ ಒತ್ತಬೇಕು. ನಡುನಡುವೆ ಕತೆ, ಬೀಗ, ಒಗಟು.

ನಮ್ಮ ಕಡೆ ಜೂನ್ ಬಂತು ಅಂದರೆ ಆನ್‌ಲೈನ್ ಗೇಮ್ ಕತೆ ಮುಗಿಯಿತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಅದಕ್ಕೇ ಶಿವಮೊಗ್ಗಕ್ಕೆ ಹೋದಾಗಲೆಲ್ಲ ತಂಗಿ ರೂಮಿನ ವೈಫೈಯಲ್ಲಿ ಎರಡು ಮೂರು ಗೇಮ್ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರುತ್ತೇನೆ. ಇವಕ್ಕೆ ನೆಟ್ ಬೇಡ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ, ಕಾಸೂ ಜಾಸ್ತಿ ಇಲ್ಲ.

ಈ ಸಲ ಎರಡು ತಂದೆ. ಒಂದು ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿಯವರ ಎನಿಗ್ಮಾಟಿಸ್, 2011ರ ಮೊದಲ ಭಾಗ, ಮೇಪಲ್ ಕ್ರೀಕ್ ಅನ್ನುವ ಊರಲ್ಲಿ ಕಾಣೆಯಾದ ಹುಡುಗಿಯ ಕತೆ. ಸಿಕ್ಕಿದ ಸುಳಿವನ್ನೆಲ್ಲ ಒಂದು ಗೋಡೆಗೆ ಅಂಟಿಸಿ, ಯಾವುದಕ್ಕೆ ಯಾವುದು ಸಂಬಂಧ ಅಂತ ನಾವೇ ಜೋಡಿಸಬೇಕು. ರಾತ್ರಿ ಕೂತರೆ ಏಳೋಕೆ ಮನಸ್ಸು ಬರಲಿಲ್ಲ. ಇನ್ನೊಂದರ ಹೆಸರು ಹೇಳಲ್ಲ. ಸೇಲ್‌ನಲ್ಲಿ ಸಿಕ್ಕಿತ್ತು, ಯಾಕೆ ಸೇಲ್‌ನಲ್ಲಿತ್ತು ಅಂತ ಈಗ ಗೊತ್ತಾಗುತ್ತಿದೆ. ಚಿತ್ರ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ, ಆದರೆ ಆಡುವಾಗ ಸಿಟ್ಟು ನೆತ್ತಿಗೇರುತ್ತದೆ.

ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಅಡುಗೆಮನೆ ದೃಶ್ಯ. ಪಟ್ಟಿಯಲ್ಲಿ ಕೀಲಿಕೈ ಇದೆ. ಅದು ಎಲ್ಲಿತ್ತು ಗೊತ್ತಾ? ಕಂದು ಕಪಾಟಿನ ಮೇಲೆ, ಕಂದು ಬಣ್ಣದಲ್ಲೇ, ಮರದ ಗೆರೆಗಳ ಜೊತೆ ಬೆರೆತು, ಅದೂ ಅರ್ಧ ಮಾಸಿದ ಹಾಗೆ. ಅದು ಕೀಲಿಕೈ ಅಲ್ಲ, ಕಲೆ. ಪಕ್ಕದಲ್ಲಿ ಬೆರಳುದ್ದದ ಆನೆ, ಅದರ ತಲೆ ಮೇಲೆ ಆಳೆತ್ತರದ ಚಮಚ. ಎರಡು ಮೂರು ಸಲ ತಪ್ಪು ಜಾಗ ಒತ್ತಿದರೆ ಸ್ವಲ್ಪ ಹೊತ್ತು ಮೌಸ್ ಕೆಲಸ ಮಾಡಲ್ಲ. ಅದು ನಮಗೆ ಶಿಕ್ಷೆಯಂತೆ!

ಎನಿಗ್ಮಾಟಿಸ್ ಏನೂ ಸುಲಭ ಅಲ್ಲ, ಅಲ್ಲೂ ಕಣ್ಣು ಉರಿ ಬರುವವರೆಗೆ ಹುಡುಕಿದ್ದಿದೆ. ಆದರೆ ಸಿಕ್ಕಾಗ 'ಅಯ್ಯೋ, ಇಲ್ಲೇ ಇತ್ತಲ್ಲ' ಅನಿಸಿತು. ಇದರಲ್ಲಿ ಸಿಕ್ಕ ಮೇಲೂ 'ಇದನ್ನ ಯಾರು ಹುಡುಕ್ತಾರೆ ಮಾರಾಯ' ಅನಿಸುತ್ತದೆ. ಕಷ್ಟ ಎರಡರಲ್ಲೂ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಿಮಗೆ ಯಾವುದು ಖುಷಿ ಕೊಡುತ್ತದೆ, ಯಾವುದು ತಲೆ ಕೆಡಿಸುತ್ತದೆ ಹೇಳಿ. ಗೇಮ್ ಹೆಸರು ಹೇಳಿದರೂ ಒಳ್ಳೆಯದು, ಭಾನುವಾರ ಮತ್ತೆ ಶಿವಮೊಗ್ಗಕ್ಕೆ ಹೋಗುವುದಿದೆ.

---

ಬಣ್ಣದ_ಬುಟ್ಟಿ (ಸಾಗರ)

ಬೆಂಗಳೂರಲ್ಲಿದ್ದಾಗ ಇಂಥ ಗೇಮ್‌ಗಳಿಗೆ ದೃಶ್ಯ ಬರೆದುಕೊಡುವ ಕೆಲಸ ಮಾಡಿದ್ದೇನೆ. ಕಂಪನಿ ಹೆಸರು ಬೇಡ. ಈಗ ಊರಲ್ಲೇ ಇದ್ದು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತೇನೆ. ಒಳಗಿನ ವಿಷಯ ಸ್ವಲ್ಪ ಹೇಳುತ್ತೇನೆ, ನಿಮ್ಮ ಕಂದು ಕೀಲಿಕೈ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ನಿಮಗೆ ಕಾಣುವುದು ಒಂದು ಚಿತ್ರ, ಆದರೆ ಫೈಲ್ ತೆರೆದರೆ ಹಿನ್ನೆಲೆ ಒಂದು ಲೇಯರ್ (ಪದರ), ಅದರ ಮೇಲೆ ಪ್ರತಿ ಸಾಮಾನಿಗೂ ಬೇರೆ ಬೇರೆ ಲೇಯರ್. ಒತ್ತಿದ ಕೂಡಲೇ ಅದು ಮಾಯ ಆಗಬೇಕಲ್ಲ, ಅದಕ್ಕೆ. ಹಾಗಾಗಿ ಅದರ ಹಿಂದಿನ ಜಾಗವನ್ನೂ ಬರೆದಿರಬೇಕು, ಅದರ ನೆರಳೂ ಅದರ ಜೊತೆಗೇ ಹೋಗಬೇಕು. ಚೆನ್ನಾಗಿ ಕೆಲಸ ಮಾಡುವ ತಂಡ ಮೊದಲು ಕೇಳುವುದು 'ಈ ಕೋಣೆ ಯಾರದು' ಅಂತ. ದರ್ಜಿ ಅಂಗಡಿ ಅಂದುಕೊಳ್ಳಿ. ಕತ್ತರಿ, ಅಳತೆ ಟೇಪು, ಗುಂಡಿ, ಇಸ್ತ್ರಿಪೆಟ್ಟಿಗೆ, ದಾರದ ಉಂಡೆ ಎಲ್ಲ ಇರಲೇಬೇಕು. ಆಮೇಲೆ ಬಚ್ಚಿಡುವ ಉಪಾಯ. ಟೇಪನ್ನು ಪರದೆಯ ಅಂಚಿನಂತೆ ಇಳಿಬಿಡುವುದು. ಬಟ್ಟೆ ರಾಶಿಯೊಳಗಿಂದ ಕತ್ತರಿ ಹಿಡಿಯ ಎರಡು ಉಂಗುರ ಮಾತ್ರ ಹೊರಗಿಡುವುದು. ಗುಂಡಿಯನ್ನು ಗೊಂಬೆಯ ಕಣ್ಣಿನ ಜಾಗಕ್ಕೆ ಹಾಕುವುದು. ಆ ಗುಂಡಿ ಪೂರ್ತಿ ಕಾಣುತ್ತಲೇ ಇರುತ್ತದೆ, ನೀವು ಅದನ್ನು ಕಣ್ಣು ಅಂತ ನೋಡಿ ಮುಂದೆ ಹೋಗಿರುತ್ತೀರಿ ಅಷ್ಟೇ. ನನ್ನ ಪ್ರಕಾರ ಬಚ್ಚಿಡುವುದು ಅಂದರೆ ಇದು. ನಿಮ್ಮ 'ಇಲ್ಲೇ ಇತ್ತಲ್ಲ' ಬರುವುದು ಇಂಥ ಕಡೆಯಿಂದ.

ಟೈಮ್ ಇಲ್ಲದಾಗ ಬೇರೆ ದಾರಿ ಇದೆ. ಸಾಮಾನುಗಳ ಚಿತ್ರದ ಒಂದು ದೊಡ್ಡ ಫೋಲ್ಡರ್ ಇರುತ್ತದೆ, ಹಳೆ ಪ್ರಾಜೆಕ್ಟ್‌ಗಳದ್ದು. ಅದರಿಂದ ಆನೆ, ಬಾಳೆಹಣ್ಣು, ಚದುರಂಗದ ಕುದುರೆ ಎಲ್ಲ ತಂದು ಸುರಿಯುವುದು. ಗಾತ್ರ ಕುಗ್ಗಿಸುವುದು, ಬಣ್ಣವನ್ನು ಗೋಡೆಗೆ ಹೊಂದಿಸುವುದು. ಆಮೇಲೂ 'ತುಂಬ ಸುಲಭ ಆಯಿತು' ಅಂತ ಮೇಲಿನಿಂದ ಮೇಲ್ ಬಂದರೆ ಒಪಾಸಿಟಿ ಇಳಿಸುವುದು, ಅಂದರೆ ಸಾಮಾನು ಅರ್ಧ ಮಾಸಿದ ಹಾಗೆ ಕಾಣುವಂತೆ ಮಾಡುವುದು. ಕಷ್ಟ ಹೆಚ್ಚಿಸೋಕೆ ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ, ಸ್ಲೈಡರ್ ಎಳೆದರೆ ಕೆಲಸ ಮುಗಿಯಿತು. ಬೆಳಕು ಎಡಗಡೆ ಕಿಟಕಿಯಿಂದ ಬರುತ್ತಿದೆ, ಬಾಳೆಹಣ್ಣಿನ ನೆರಳೂ ಎಡಕ್ಕೇ ಬಿದ್ದಿದೆ. ಆಟಗಾರರಿಗೆ ಇದನ್ನು ಬಾಯಿ ಬಿಟ್ಟು ಹೇಳೋಕೆ ಬರದೇ ಇರಬಹುದು, ಆದರೆ ಏನೋ ಅಂಟಿಸಿದ ಹಾಗಿದೆ ಅಂತ ಅನಿಸಿಯೇ ಅನಿಸುತ್ತದೆ.

ಒಂದೇ ದೃಶ್ಯಕ್ಕೆ ಎರಡನೇ ಸಲ ಕಳಿಸುತ್ತಾರೆ ಅಂತ ಕೆಲವರು ಬೈಯುತ್ತಾರೆ, ಪಟ್ಟಿ ಮಾತ್ರ ಬೇರೆ ಇರುತ್ತದೆ. ಅದು ಶುದ್ಧ ಖರ್ಚಿನ ಲೆಕ್ಕ. ದಿನಗಟ್ಟಲೆ ಕೂತು ಬರೆದದ್ದನ್ನು ಒಂದೇ ಸಲ ತೋರಿಸಿ ಬಿಡೋಕೆ ಯಾರಿಗೂ ಮನಸ್ಸಾಗಲ್ಲ. ಆದರೆ ಅದನ್ನೂ ಚೆಂದ ಮಾಡಬಹುದು. ಮೊದಲ ಸಲ ಬಂದಾಗ ಮೇಜಿನ ಮೇಲೆ ದೀಪ ಉರಿಯುತ್ತಿತ್ತು, ಎರಡನೇ ಸಲ ಆರಿದೆ, ಕುರ್ಚಿ ಮಗುಚಿದೆ. ನಡುವೆ ಯಾರೋ ಬಂದು ಹೋಗಿದ್ದಾರೆ ಅಂತ ಒಂದು ಮಾತೂ ಇಲ್ಲದೆ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಹಳೆ ದೃಶ್ಯ ಅಂತ ಯಾರೂ ಬೈಯಲ್ಲ.

ಹೆಸರು ಕೇಳಿದ್ದೀರಲ್ಲ, ಹಿಡನ್ ಫೋಕ್ಸ್ ನೋಡಿ, 2017ರದ್ದು. ಪೂರ್ತಿ ಕಪ್ಪು ಬಿಳುಪು, ಕೈಯಲ್ಲಿ ಬರೆದ ಗೆರೆಚಿತ್ರ. ಬಣ್ಣದಲ್ಲಿ ಮೋಸ ಮಾಡೋಕೆ ಬಣ್ಣವೇ ಇಲ್ಲ. ಪೊದೆ ಮುಟ್ಟಿದರೆ ಅಲುಗುತ್ತದೆ, ಬಾಗಿಲು ಮುಟ್ಟಿದರೆ ತೆರೆಯುತ್ತದೆ, ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿದ್ದಾರೆ. ಹುಡುಕಬೇಕಾದ ಪ್ರತಿಯೊಬ್ಬರಿಗೂ ಒಂದು ಪುಟ್ಟ ಸುಳಿವು ಬರೆದಿದ್ದಾರೆ. ಇವನು ಎಲ್ಲಿರಬಹುದು ಅಂತ ಯೋಚನೆ ಮಾಡಿ ಹುಡುಕಬಹುದು.

---

ತುಂಗೆ_ದಡ (ಶಿವಮೊಗ್ಗ)

ಬಣ್ಣದ ಬುಟ್ಟಿಯವರು ಬರೆದದ್ದು ಓದಿ ಖುಷಿ ಆಯಿತು. ನಾನು ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಇದಕ್ಕೆ ಹಳೆಯ ಪ್ರಯೋಗಗಳಿವೆ, ಪಾಠದ ಧಾಟಿ ಬಂದರೆ ಕ್ಷಮಿಸಿ.

1980ರಲ್ಲಿ ಆ್ಯನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲಡ್ ಒಂದು ಲೇಖನ ಬರೆದರು. ಹಸಿರು ಗೆರೆಗಳ ನಡುವೆ ಒಂದೇ ಕೆಂಪು ಗೆರೆ ಇದ್ದರೆ ಅದು ತಾನಾಗಿ ಕಣ್ಣಿಗೆ ಹಾರುತ್ತದೆ. ಹಸಿರು ಗೆರೆ ಹತ್ತಿರಲಿ, ನೂರಿರಲಿ, ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಆದರೆ ಕೆಂಪು ಅಡ್ಡ ಗೆರೆಗಳು, ಹಸಿರು ಉದ್ದ ಗೆರೆಗಳು ಬೆರೆತಿರುವಾಗ ಒಂದೇ ಒಂದು ಕೆಂಪು ಉದ್ದ ಗೆರೆ ಹುಡುಕಿ ನೋಡಿ. ಬಣ್ಣವೂ ಸಾಲಲ್ಲ, ದಿಕ್ಕೂ ಸಾಲಲ್ಲ, ಎರಡನ್ನೂ ಕೂಡಿಸಿ ನೋಡಬೇಕು. ಆಗ ಗೆರೆ ಹೆಚ್ಚಾದಂತೆ ಹೊತ್ತೂ ಹೆಚ್ಚಾಗುತ್ತದೆ. ಈ ಗೇಮ್‌ಗಳೆಲ್ಲ ಎರಡನೇ ಜಾತಿಗೆ ಸೇರಿದವು.

ಜೀರುಂಡೆಯವರ ಪ್ರಶ್ನೆಗೆ ಉತ್ತರ ಇದರ ಮುಂದಿನ ಹೆಜ್ಜೆಯಲ್ಲಿದೆ ಅನಿಸುತ್ತದೆ. ನಿಜವಾದ ಮನೆಯಲ್ಲಿ ನಾವು ಇಂಚಿಂಚೂ ಹುಡುಕಲ್ಲ. ಚಪ್ಪಲಿ ಅಂದರೆ ಕಣ್ಣು ನೆಲಕ್ಕೆ ಹೋಗುತ್ತದೆ, ಗಡಿಯಾರ ಅಂದರೆ ಗೋಡೆಗೆ, ಸೌಟು ಅಂದರೆ ಒಲೆ ಪಕ್ಕಕ್ಕೆ. ಎಲ್ಲಿ ಏನಿರುತ್ತದೆ ಅನ್ನುವ ನಮ್ಮ ತಿಳಿವಳಿಕೆ ಅರ್ಧ ಕೆಲಸ ಮಾಡಿಬಿಡುತ್ತದೆ. ದರ್ಜಿ ಅಂಗಡಿಯ ದೃಶ್ಯದಲ್ಲಿ ಆ ತಿಳಿವಳಿಕೆಗೆ ಕೆಲಸ ಇದೆ. ಆಟ ಅದನ್ನು ಬಳಸಿಕೊಂಡೇ ನಮಗೆ ಚಳ್ಳೆಹಣ್ಣು ತಿನ್ನಿಸುತ್ತದೆ, ಗುಂಡಿ ಗೊಂಬೆಯ ಕಣ್ಣಾಗುವುದು ಹಾಗೆ. ನಿಮ್ಮ ಅಡುಗೆಮನೆ ದೃಶ್ಯದಲ್ಲಿ ಚಪ್ಪಲಿ ಫ್ಯಾನಿನ ಮೇಲಿರಬಹುದು, ಮೊಸಳೆ ಪಾತ್ರೆಯೊಳಗಿರಬಹುದು, ಯಾವುದಕ್ಕೂ ಗಾತ್ರದ ಲೆಕ್ಕವೂ ಇಲ್ಲ. ಅಲ್ಲಿ ತಲೆ ಓಡಿಸಿ ಪ್ರಯೋಜನ ಇಲ್ಲ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆವರೆಗೆ ಸಾಲು ಸಾಲಾಗಿ ಕಣ್ಣು ತಿರುಗಿಸುವುದು ಒಂದೇ ದಾರಿ. ಅದು ಆಟ ಅಲ್ಲ, ಕೂಲಿ.

ಇನ್ನೊಂದು ವಿಷಯ. ಕೆಲವು ಗೇಮ್‌ಗಳಲ್ಲಿ ಆಗಾಗ ರೂಪ ಬದಲಿಸುವ ಸಾಮಾನು ಇರುತ್ತವಲ್ಲ, ಚಿಟ್ಟೆ ಎಲೆಯಾಗುವುದು, ಎಲೆ ಮತ್ತೆ ಚಿಟ್ಟೆಯಾಗುವುದು. ಎಲ್ಲೋ ಒಂದೊಂದು ಕಡೆ ಮಾತ್ರ ಬರುತ್ತವೆ, ಅದಕ್ಕೇ ಕೈತಪ್ಪುತ್ತವೆ. ಜೆರೆಮಿ ವುಲ್ಫ್ ಮತ್ತು ಜೊತೆಯವರು 2005ರಲ್ಲಿ ವಿಮಾನ ನಿಲ್ದಾಣದ ಬ್ಯಾಗ್ ತಪಾಸಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಅದನ್ನು ಸುಮಾರು ಶೇಕಡಾ 7 ಸಲ ಕಾಣದೆ ಬಿಟ್ಟರು. ಅದೇ ವಸ್ತು 100ರಲ್ಲಿ 1 ಚಿತ್ರದಲ್ಲಿ ಮಾತ್ರ ಇದ್ದಾಗ ಸುಮಾರು ಶೇಕಡಾ 30 ಸಲ ಕಾಣದೆ ಬಿಟ್ಟರು. ಅಪರೂಪದ್ದು ಅಂದ ಕೂಡಲೇ ನಾವು ಬೇಗ 'ಇಲ್ಲ ಬಿಡು' ಅಂದುಬಿಡುತ್ತೇವೆ. ಹೀಗಿರುವಾಗ ಅಧ್ಯಾಯ ಮುಗಿದ ಮೇಲೆ 'ಒಂದು ಬಿಟ್ಟಿದ್ದೀರಿ' ಅಂತ ತೋರಿಸಿ, ಹಿಂದೆ ಹೋಗೋಕೂ ಬಿಡದ ಗೇಮ್‌ಗಳಿಗೆ ಏನು ಹೇಳೋಣ.

---

ಹಣ್ಣಡಿಕೆ (ಕೊಪ್ಪ)

ಮೇಡಂ, ಕೆಂಪು ಗೆರೆ ತಾನಾಗಿ ಕಣ್ಣಿಗೆ ಹಾರುತ್ತದೆ ಅಂದಿರಿ. ನನಗೆ ಹಾರಲ್ಲ. 😀

ನನಗೆ ಕೆಂಪು ಹಸಿರು ಸರಿಯಾಗಿ ಬೇರೆಯಾಗಿ ಕಾಣಲ್ಲ. ಹುಟ್ಟಿನಿಂದ ಬಂದದ್ದು, ಗಂಡಸರಲ್ಲೇ ಇದು ಹೆಚ್ಚು, ಸೋದರಮಾವನಿಗೂ ಇದೆ. ನಮ್ಮಲ್ಲಿ ಕೆಂಪಡಿಕೆ ಮಾಡುವುದಕ್ಕೆ ಕಾಯಿ ಹಸಿರಿರುವಾಗಲೇ ಕೊಯ್ಯುತ್ತಾರೆ, ಗೊನೆಯಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣಾಗಿದ್ದರೆ ಆರಿಸಿ ಬೇರೆ ಹಾಕಬೇಕು. ರಾಶಿ ಮುಂದೆ ಎಲ್ಲರೂ ಸರಸರ ಆರಿಸುತ್ತಾರೆ. ನಾನು ಒಂದೊಂದನ್ನೂ ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿ ನೋಡಬೇಕು. ಅದಕ್ಕೇ ಮನೆಯಲ್ಲಿ ನನಗೆ ಆ ಕೆಲಸ ಕೊಡಲ್ಲ, ಗೊನೆ ಹೊರೋಕೆ ಕಳಿಸುತ್ತಾರೆ.

ಈ ಗೇಮ್‌ಗಳಲ್ಲಿ ನನ್ನ ಗೋಳು ಏನೆಂದರೆ, ಹಸಿರು ಬಳ್ಳಿಯೊಳಗೆ ಕೆಂಪು ಹರಳು ಇಡುತ್ತಾರೆ. ನಿಮಗೆಲ್ಲ ಅದು ಸುಲಭದ ಐಟಂ, ಮೊದಲು ಸಿಗುವುದು. ನನಗೆ ಕೊನೆಗೂ ಸಿಗಲ್ಲ. ಅದಕ್ಕಿಂತ ದೊಡ್ಡ ಗೋಳು ಬಣ್ಣ ಜೋಡಿಸುವ ಒಗಟು, ಕೆಂಪು ತಂತಿ ಕೆಂಪಿಗೆ, ಹಸಿರು ತಂತಿ ಹಸಿರಿಗೆ. ಹುಡುಕುವ ದೃಶ್ಯದಲ್ಲಿ ಹೇಗೋ ಆಕಾರ ನೋಡಿ ಗುರುತು ಹಿಡಿಯಬಹುದು, ಇಲ್ಲಿ ಅದೂ ಇಲ್ಲ. ಒಂದೊಂದು ಮಣಿಯ ಮೇಲೆ ಒಂದೊಂದು ಗುರುತು, ಚುಕ್ಕೆಯೋ ನಕ್ಷತ್ರವೋ ಏನೋ ಒಂದು ಹಾಕಿದರೆ ಸಾಕು, ಬಣ್ಣ ಕಾಣುವವರಿಗೂ ತೊಂದರೆ ಇಲ್ಲ. ಕೆಲವರು ಹಾಕುತ್ತಾರೆ. ಹಾಕಿದ್ದು ಕಂಡರೆ ಆ ಗೇಮ್ ಕೊಂಡುಬಿಡುತ್ತೇನೆ, ಕತೆ ಹೇಗಾದರೂ ಇರಲಿ.

ಜೀರುಂಡೆ ಅಣ್ಣ, ಒಂದು ಕೆಲಸದ ಮಾತು. ಹೊಸ ಆಟ ಶುರು ಮಾಡುವಾಗ ಎಷ್ಟು ಕಷ್ಟ ಇರಬೇಕು, ಕ್ಯಾಶುವಲ್ಲಾ ಎಕ್ಸ್‌ಪರ್ಟಾ ಅಂತ ಕೇಳುತ್ತದಲ್ಲ, ಅಲ್ಲೇ ಕಸ್ಟಮ್ ಅಂತ ಒಂದು ಇದ್ದರೆ ನೋಡು. ತಪ್ಪು ಒತ್ತಿದರೆ ಶಿಕ್ಷೆ ಬೇಕಾ, ಸುಳಿವಿನ ಬಟನ್ ಎಷ್ಟು ಸೆಕೆಂಡಿಗೆ ತುಂಬಬೇಕು, ಎಲ್ಲಿ ಹುಡುಕಬೇಕು ಅಂತ ಮಿಂಚು ತೋರಿಸಬೇಕಾ, ಎಲ್ಲ ಬೇರೆ ಬೇರೆಯಾಗಿ ಇಟ್ಟುಕೊಳ್ಳಬಹುದು. ಶಿಕ್ಷೆ ತೆಗೆದುಹಾಕು, ಅರ್ಧ ಸಿಟ್ಟು ಇಳಿಯುತ್ತದೆ.

---

ಜೀರುಂಡೆ

ಕಸ್ಟಮ್ ಇದೆ! ನಾನು ಎಕ್ಸ್‌ಪರ್ಟ್ ಇಟ್ಟುಕೊಂಡು ಆಡುತ್ತಿದ್ದೆ. ಬದಲಾಯಿಸಿದೆ. ಮೌಸ್ ಈಗ ನನ್ನ ಮಾತು ಕೇಳುತ್ತಿದೆ. ಕೀಲಿಕೈ ಮಾತ್ರ ಇನ್ನೂ ಕಲೆಯಂತೇ ಇದೆ, ಅದಕ್ಕೆ ಔಷಧ ಇಲ್ಲ.

ತುಂಗೆ ದಡ ಮೇಡಂ ಹೇಳಿದ್ದು ನನಗೆ ಸರಿ ಅನಿಸಿತು. ಎನಿಗ್ಮಾಟಿಸ್‌ನಲ್ಲಿ 'ಇದು ಇಲ್ಲಿರಬೇಕು' ಅಂತ ಊಹೆ ಮಾಡುತ್ತಿದ್ದೆ. ಇದರಲ್ಲಿ ಊಹೆ ಮಾಡುವುದನ್ನೇ ಬಿಟ್ಟಿದ್ದೇನೆ.

---

ಬೀಗದಕೈ_ಗೊಂಚಲು (ತೀರ್ಥಹಳ್ಳಿ)

ಎಲ್ಲರೂ ಹುಡುಕುವ ದೃಶ್ಯದ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಅದರ ಆಚೆಯ ಭಾಗದ ಮೇಲೆ ಸಿಟ್ಟು, ಅಂದರೆ ಚೀಲಕ್ಕೆ ಸಾಮಾನು ಹಾಕಿಕೊಂಡು ಊರೆಲ್ಲ ಸುತ್ತಿ ಬೀಗ ತೆಗೆಯುವ ಭಾಗ.

ಮೊದಲು ಇದು ಇರಲೇ ಇಲ್ಲ. 2005ರಲ್ಲಿ ಬಿಗ್ ಫಿಶ್‌ನವರ ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್ ಬಂದಾಗ ಪಟ್ಟಿ, ಚಿತ್ರ, ಮೇಲೆ ಓಡುವ ಗಡಿಯಾರ, ಹೆಚ್ಚು ಕಡಿಮೆ ಅಷ್ಟೇ. 2008ರ ರಿಟರ್ನ್ ಟು ರೇವನ್‌ಹರ್ಸ್ಟ್ ಹೊತ್ತಿಗೆ ಮನೆಯೊಳಗೆ ನಾವೇ ಓಡಾಡುವುದು, ಸಿಕ್ಕಿದ ಸಾಮಾನನ್ನು ಇನ್ನೊಂದು ಕಡೆ ಬಳಸುವುದು ಎಲ್ಲ ಸೇರಿಕೊಂಡಿತು. ಅದು ಒಳ್ಳೆಯದೇ. ಸುಮ್ನೆ ಪಟ್ಟಿ ಮುಗಿಸುವುದಕ್ಕಿಂತ, ಪಟ್ಟಿ ಮುಗಿಸಿದರೆ ಒಂದು ಸುತ್ತಿಗೆ ಸಿಗುತ್ತದೆ, ಸುತ್ತಿಗೆ ಇದ್ದರೆ ಆ ಗೋಡೆ ಒಡೆಯಬಹುದು ಅಂದಾಗ ಕೈಗೆ ಬಲ ಬಂದ ಹಾಗಾಗುತ್ತದೆ.

ಆದರೆ ಈಗ ಬರುವ ಎಷ್ಟೋ ಗೇಮ್‌ಗಳಲ್ಲಿ ಎಂಥ ಸಾವು ಮಾರ್ರೆ. ಚೀಲದಲ್ಲಿ ಕೊಡಲಿ ಇದೆ, ಮುಂದೆ ತೆಳ್ಳಗಿನ ಹಲಗೆ ಬಾಗಿಲು. ಒಡೆಯೋಕೆ ಬಿಡಲ್ಲ. ಆ ಬಾಗಿಲಿಗೆ ಗೂಬೆ ಮುಖದ ಪದಕವೇ ಬೇಕು. ಪದಕ ಮೂರು ತುಂಡಾಗಿದೆ. ಒಂದು ತುಂಡು ಬಾವಿಯಲ್ಲಿ, ಒಂದು ಪಿಯಾನೋ ಒಳಗೆ, ಒಂದು ಗೋರಿಯಲ್ಲಿ. ಯಾರಪ್ಪಾ ಈ ಮನೆ ಕಟ್ಟಿದವನು? ರಾತ್ರಿ ಹೊರಗೆ ಹೋಗಿ ಬರಬೇಕಾದರೆ ಅವನು ಏನು ಮಾಡುತ್ತಿದ್ದ? ಇನ್ನು ಚಾಕು. ಹಗ್ಗ ಕತ್ತರಿಸಿದ ಕೂಡಲೇ ಚಾಕು ಮಾಯ. ಎರಡು ಕೋಣೆ ಆಚೆ ಚೀಲ ಸೀಳೋಕೆ ಇನ್ನೊಂದು ಚಾಕು ಹುಡುಕಬೇಕು. ನಮ್ಮನೆಯಲ್ಲಿ ಇರುವುದು ಒಂದು ಕತ್ತಿ, ಕಾಯಿ ಸುಲಿಯೋಕೂ ಅದೇ, ಬಾಳೆಎಲೆಗೂ ಅದೇ, ದರಗಿನ ಕೊಟ್ಟಿಗೆ ಬಾಗಿಲು ಸಿಕ್ಕಿಕೊಂಡರೆ ಎಬ್ಬೋಕೂ ಅದೇ. ಈ ಗೇಮ್ ಬರೆಯುವವರು ಒಂದು ವಾರ ಮಲೆನಾಡಿಗೆ ಬಂದು ಇರಲಿ.

ಕಡಿಮೆ ಸಾಮಾನು ಕೊಟ್ಟು, ಒಂದನ್ನೇ ನಾಲ್ಕು ಕಡೆ ಬೇರೆ ಬೇರೆ ಥರ ಬಳಸೋಕೆ ಬಿಟ್ಟರೆ ನಾವೂ ಸ್ವಲ್ಪ ಯೋಚನೆ ಮಾಡುತ್ತೇವೆ. ಈಗ ಏನಾಗುತ್ತಿದೆ ಅಂದರೆ, ಚೀಲದಲ್ಲಿರುವುದನ್ನೆಲ್ಲ ಒಂದೊಂದೇ ತಂದು ಬಾಗಿಲಿಗೆ ಉಜ್ಜುವುದು. ಯಾವುದೋ ಒಂದು ಹೂಂ ಅನ್ನುತ್ತದೆ.

ನಡುವೆ ಬರುವ ಒಗಟುಗಳ ಕತೆಯೂ ಅಷ್ಟೇ. ಗೊತ್ತಲ್ಲ, ಮೂರು ಕಂಬ, ದೊಡ್ಡದರಿಂದ ಸಣ್ಣದಕ್ಕೆ ಪೇರಿಸಿದ ಬಿಲ್ಲೆಗಳು, ಒಂದೊಂದಾಗಿ ಎತ್ತಿ ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು, ಸಣ್ಣದರ ಮೇಲೆ ದೊಡ್ಡದು ಇಡಬಾರದು. ಹನೋಯ್ ಗೋಪುರ. ಲೂಕಾಸ್ ಅನ್ನುವ ಫ್ರೆಂಚ್ ಗಣಿತದವರು 1883ರಲ್ಲಿ ತಂದದ್ದು. 3 ಬಿಲ್ಲೆ ಇದ್ದರೆ 7 ಸಲ ಎತ್ತಿಟ್ಟರೆ ಮುಗಿಯುತ್ತದೆ. 6 ಇದ್ದರೆ ಒಂದೂ ತಪ್ಪದೆ ಆಡಿದರೂ 63 ಸಲ. ಉಪಾಯ ಹೊಳೆಯುವುದು 3 ಬಿಲ್ಲೆಗೇ. ಆಮೇಲಿನದ್ದೆಲ್ಲ ಬೆರಳು ನೋವು. 'ಕಷ್ಟದ ಒಗಟು' ಅಂತ ಹೇಳಿ 6 ಬಿಲ್ಲೆ ಕೊಟ್ಟವರಿಗೆ ಒಗಟು ಅಂದರೆ ಏನು ಅಂತ ಗೊತ್ತಿಲ್ಲ. ಒಂದು ಖಾಲಿ ಜಾಗ ಬಳಸಿ ಚೌಕಗಳನ್ನು ಜಾರಿಸಿ ಚಿತ್ರ ಜೋಡಿಸುವ ಒಗಟೂ ಹಾಗೇ. ಅದನ್ನು ಬಿಡಿಸುವ ಕ್ರಮ ಒಂದು ಸಲ ಗೊತ್ತಾದರೆ ಆಮೇಲೆ ಬರೀ ಹೊತ್ತು ಕಳೆಯುವುದು, ಗೊತ್ತಿಲ್ಲದವರಿಗೆ ರಾತ್ರಿಯೆಲ್ಲ ಶಿಕ್ಷೆ.

ಕತೆಯೊಳಗಿನ ಒಗಟು ಬೇರೆ. ಮೂರು ದೃಶ್ಯ ಹಿಂದೆ ಗೋಡೆಯ ಚಿತ್ರದಲ್ಲಿ ನಾಲ್ಕು ಹಕ್ಕಿ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದವು, ಈಗ ಪೆಟ್ಟಿಗೆ ಮೇಲೆ ನಾಲ್ಕು ಹಕ್ಕಿ ತಿರುಗಿಸುವ ಬೀಗ ಸಿಕ್ಕಿದೆ. ಹೊಳೆದಾಗ ಬರುವ ಖುಷಿಯೇ ಬೇರೆ. ಆದರೆ ಆ ಚಿತ್ರವನ್ನು ಡೈರಿಯಲ್ಲಿ ತಾನೇ ಬರೆದುಕೊಳ್ಳುವ ಗೇಮ್ ಆಗಬೇಕು, ಇಲ್ಲದಿದ್ದರೆ ಮತ್ತೆ ಮೂರು ದೃಶ್ಯ ಹಿಂದಕ್ಕೆ ನಡೆಯಬೇಕು. ನಕ್ಷೆ ಒತ್ತಿ ನೇರ ಹಾರಿ ಹೋಗುವ ಸೌಲಭ್ಯ ಇಲ್ಲದ ಗೇಮ್ ಈಗ ನಾನು ಕೊಳ್ಳುವುದೇ ಇಲ್ಲ.

ಸಹಾಯದ ವಿಷಯದಲ್ಲಿ ನನಗೆ ಇಷ್ಟ ಆದದ್ದು ಮಷಿನಾರಿಯಂ. 2009ರ ಜೆಕ್ ಗೇಮ್, ಪಟ್ಟಿ ಹಿಡಿದು ಹುಡುಕುವ ಜಾತಿ ಅಲ್ಲ, ಆದರೂ ಹೇಳುತ್ತೇನೆ. ಅದರಲ್ಲಿ ಪೂರ್ತಿ ಉತ್ತರ ಒಂದು ಪುಸ್ತಕದಲ್ಲಿ ಚಿತ್ರವಾಗಿ ಬರೆದಿದೆ. ತೆರೆಯಬೇಕಾದರೆ ಒಂದು ಸಣ್ಣ ಕೀಲಿಕೈಯನ್ನು ಜೇಡಗಳ ನಡುವೆ ದಾಟಿಸುವ ಬೇಸರದ ಆಟ ಆಡಬೇಕು. ಉತ್ತರ ಯಾವಾಗಲೂ ಇದೆ, ಆದರೆ ಸ್ವಲ್ಪ ಮೈ ಮುರಿಯಬೇಕು. ಹಾಗಾಗಿ 'ಇನ್ನೊಂದು ಸಲ ನಾನೇ ನೋಡುತ್ತೇನೆ' ಅಂತ ಅನಿಸುತ್ತದೆ.

---

ಜಗಲಿ_ಕಟ್ಟೆ (ಶೃಂಗೇರಿ)

ನೀವೆಲ್ಲ ದುಡ್ಡು ಕೊಟ್ಟು ಆಡುವವರು. ನಮ್ಮನೆಯಲ್ಲಿ ಆಡುವುದು ಅತ್ತೆ, ಅದೂ ಫೋನಿನಲ್ಲಿ, ಫ್ರೀ ಗೇಮ್. ಮೊದಲು ಫೇಸ್‌ಬುಕ್‌ನಲ್ಲಿ ಕ್ರಿಮಿನಲ್ ಕೇಸ್ ಆಡುತ್ತಿದ್ದರು (2012ರಲ್ಲಿ ಬಂದದ್ದು, ಒಂದು ಕಾಲಕ್ಕೆ ಎಲ್ಲರ ಕೋರಿಕೆ ನನ್ನ ನೋಟಿಫಿಕೇಶನ್‌ಗೇ ಬರುತ್ತಿತ್ತು). ಈಗ ಜೂನ್ಸ್ ಜರ್ನಿ, ಬರ್ಲಿನ್ನಿನ ವೂಗಾದವರು 2017ರಲ್ಲಿ ತಂದದ್ದು.

ಇವುಗಳಲ್ಲಿ ಎನರ್ಜಿ ಅಂತ ಒಂದಿದೆ. ಪ್ರತಿ ದೃಶ್ಯಕ್ಕೂ ಸ್ವಲ್ಪ ಖರ್ಚು. ಮುಗಿದರೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ನನಗೆ ನೋಡಿದರೇ ಮೈ ಉರಿಯುತ್ತದೆ, ಕತೆ ಒಳ್ಳೆ ಜಾಗಕ್ಕೆ ಬಂದಾಗ 'ನಾಳೆ ಬನ್ನಿ' ಅಂದ ಹಾಗೆ. ಅತ್ತೆಗೆ ಮಾತ್ರ ಏನೂ ಬೇಜಾರಿಲ್ಲ. ಎನರ್ಜಿ ಮುಗಿಯಿತು ಅಂದರೆ ಅವರು ಎದ್ದು ಅನ್ನಕ್ಕಿಡುತ್ತಾರೆ.

ಇನ್ನೊಂದು, ಮುಂದಿನ ದೃಶ್ಯ ತೆರೆಯಬೇಕಾದರೆ ನಕ್ಷತ್ರ ಬೇಕು, ನಕ್ಷತ್ರ ಬೇಕಾದರೆ ಹಳೆ ದೃಶ್ಯವನ್ನೇ ಮತ್ತೆ ಮತ್ತೆ ಆಡಬೇಕು. ಆಡಿ ಆಡಿ ಅತ್ತೆಗೆ ಯಾವ ಸಾಮಾನು ಎಲ್ಲಿದೆ ಅಂತ ಬಾಯಿಪಾಠ ಆಗಿದೆ. ಪಟ್ಟಿ ಬಂದ ಕೂಡಲೇ ಟಕ ಟಕ ಟಕ. ಅವರು ಹುಡುಕುತ್ತಲೇ ಇಲ್ಲ, ನೆನಪಿನ ಆಟ ಆಡುತ್ತಿದ್ದಾರೆ. ತುಂಗೆ ದಡದವರು ಹೇಳಿದ ಸಾಲು ಸಾಲಾಗಿ ಕಣ್ಣು ತಿರುಗಿಸುವ ಕೂಲಿ ಅವರಿಗೆ ಮೊದಲ ಸಲ ಮಾತ್ರ. ಬೇಗ ಮುಗಿಸಿ ಮೊನ್ನೆಯ ಅಂಕ ಮುರಿಯುವುದೇ ಅವರ ಖುಷಿ.

ಅವರಿಗೆ ಇಂಗ್ಲಿಷ್ ಓದೋಕೆ ಅಷ್ಟು ಬರಲ್ಲ. ಹೆಸರಿನ ಬದಲು ಸಾಮಾನಿನ ಕಪ್ಪು ಆಕಾರ ತೋರಿಸುವ ಗೇಮ್ ಆದರೆ ಯಾರನ್ನೂ ಕೇಳದೆ ಆಡುತ್ತಾರೆ. ಹೆಸರಿನ ಪಟ್ಟಿ ಬಂದರೆ ನನ್ನನ್ನೋ ಮಗಳನ್ನೋ ಕೂಗುತ್ತಾರೆ. ಕನ್ನಡದಲ್ಲಿ ಪಟ್ಟಿ ಇರುವ ಒಂದು ಒಳ್ಳೆ ಗೇಮ್ ಯಾರಾದರೂ ಮಾಡಿದರೆ ನಮ್ಮ ಓಣಿಯಿಂದಲೇ ಗಿರಾಕಿ ಸಿಗುತ್ತಾರೆ. ಬಣ್ಣದ ಬುಟ್ಟಿ ಅಕ್ಕ, ನೋಡಿ ಮತ್ತೆ.

---

ಕಾಫಿ_ಚರಟ (ಶಿವಮೊಗ್ಗ)

ನಾನು ಉಲ್ಟಾ ಪಾರ್ಟಿ. ನನಗೆ ಕತೆ ಬೇಡ, ದೆವ್ವ ಬೇಡ, ಗೂಬೆ ಪದಕವೂ ಬೇಡ. ಆಫೀಸಿಂದ ಬಂದಾಗ ತಲೆ ಖಾಲಿ ಇರುತ್ತದೆ, ಆಗ ಮೂಲೆಯಿಂದ ಮೂಲೆಗೆ ಕಣ್ಣು ಓಡಿಸುವುದೇ ಆರಾಮ. ಚಪ್ಪಲಿ ಫ್ಯಾನಿನ ಮೇಲಿದ್ದರೆ ಇರಲಿ ಬಿಡಿ. ಮೇಡಂ ಅದನ್ನು ಕೂಲಿ ಅಂದರು, ಕೆಲವರಿಗೆ ಕೂಲಿಯೇ ಇಷ್ಟ. ನನಗೆ ಬೇಡವಾದದ್ದು ಒಂದೇ, ಮೇಲೆ ಓಡುವ ಗಡಿಯಾರ. ಅದಿದ್ದರೆ ಆ ಕ್ಷಣವೇ ಬಂದ್.

ಕೀಲಿಕೈ ವಿಷಯದಲ್ಲಿ ಮಾತ್ರ ಜೀರುಂಡೆ ಪರ. ಕಾಣದ್ದನ್ನು ಹುಡುಕು ಅಂದರೆ ಹೇಗೆ?

---

ತುಂಗೆ_ದಡ

ಕಾಫಿ ಚರಟ, ಒಪ್ಪಿದೆ. ಅದು ಜಪ ಮಾಡುವವರ ಆಟ, ನಮ್ಮದು ಪತ್ತೇದಾರರ ಆಟ. ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ಹೆಸರಲ್ಲಿ ಮಾರುತ್ತಾರೆ, ತಕರಾರು ಅಲ್ಲೇ ಶುರು. ಕೊಳ್ಳುವ ಮೊದಲು ಸ್ಕ್ರೀನ್‌ಶಾಟ್‌ನಲ್ಲಿ ಒಂದು ಹುಡುಕುವ ದೃಶ್ಯ ಪೂರ್ತಿ ನೋಡಿ. ಸಾಮಾನಿನ ಗಾತ್ರ ಒಂದಕ್ಕೊಂದು ಹೊಂದುತ್ತಿದೆಯಾ, ಕೋಣೆಗೂ ಅದಕ್ಕೂ ಸಂಬಂಧ ಇದೆಯಾ ಅಂತ ನೋಡಿದರೆ ಸುಮಾರಾಗಿ ಯಾವ ಜಾತಿ ಅಂತ ಗೊತ್ತಾಗುತ್ತದೆ.

---

ಬಣ್ಣದ_ಬುಟ್ಟಿ (ಸಾಗರ)

ನೆರಳನ್ನೂ ನೋಡಿ. 🙂

ಜೀರುಂಡೆ, ಎನಿಗ್ಮಾಟಿಸ್ ಮುಗಿಸಿದ್ದರೆ ಅದರ ಎರಡನೇ ಭಾಗ ದಿ ಮಿಸ್ಟ್ಸ್ ಆಫ್ ರೇವನ್‌ವುಡ್ 2013ರದ್ದು, ಮೂರನೇದು ದಿ ಶ್ಯಾಡೋ ಆಫ್ ಕರ್ಖಾಲಾ 2016ರದ್ದು. ಕತೆ ಮುಂದುವರಿಯುತ್ತದೆ, ಅದೇ ಕ್ರಮದಲ್ಲಿ ಆಡಿ. ಹಿಡನ್ ಫೋಕ್ಸ್ ಜೊತೆಗಿರಲಿ, ಅದನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಆಡಬಹುದು.

ಜಗಲಿ ಕಟ್ಟೆ, ನಿಮ್ಮ ಮಾತು ತಲೆಯಲ್ಲಿ ಕೂತಿದೆ. ಹಳೆ ಮನೆಯ ಅಟ್ಟ ಒಂದನ್ನೇ ಬರೆದರೆ ಸಾಕು, ಏನೂ ತಂದು ಸುರಿಯಬೇಕಾಗಿಲ್ಲ. ಎಲ್ಲ ಅಲ್ಲೇ ಇದೆ: ಗೊರಬು, ಕಂಬಳಿ, ಉಪ್ಪಿನಕಾಯಿ ಭರಣಿ, ಮುರಿದ ತೊಟ್ಟಿಲು, ಯಾರದ್ದೋ ಹತ್ತನೇ ಕ್ಲಾಸಿನ ನೋಟ್‌ಬುಕ್. ಕೋಡ್ ಬರೆಯುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ.

---

ಜೀರುಂಡೆ

ಎರಡನೇ ಭಾಗ ಮತ್ತು ಹಿಡನ್ ಫೋಕ್ಸ್ ಪಟ್ಟಿಗೆ ಹಾಕಿದೆ. ಮೂರನೇದು ಆಮೇಲೆ, ತಂಗಿಯ ಡೇಟಾ ಎಲ್ಲ ನಾನೇ ಮುಗಿಸಿದರೆ ಮನೆಗೆ ಬರೋಕೆ ಬಿಡಲ್ಲ.

ಹೆಸರು ಹೇಳದ ಗೇಮ್‌ನಲ್ಲಿ ಅಡುಗೆಮನೆ ದಾಟಿದೆ. ಈಗ ಮಲಗುವ ಕೋಣೆ ಬಾಗಿಲಿಗೆ ಜಾರಿಸುವ ಚೌಕದ ಒಗಟು ಬಂದಿದೆ, 4ಕ್ಕೆ 4. ಬೀಗದಕೈ ಅಣ್ಣ, ಏನಾದರೂ ಉಪಾಯ?

---

ಬೀಗದಕೈ_ಗೊಂಚಲು (ತೀರ್ಥಹಳ್ಳಿ)

ಮೇಲಿನ ಸಾಲು ಮೊದಲು, ಆಮೇಲೆ ಎಡಗಡೆ ಕಂಬಸಾಲು, ಉಳಿದ 3ಕ್ಕೆ 3ನ್ನು ಮತ್ತೆ ಅದೇ ಥರ. ಸಾಲಿನ ಕೊನೆಯ ಎರಡು ಚೌಕ ಒಂದೊಂದೇ ಕೂರಲ್ಲ, ಜೋಡಿಯಾಗಿ ತಂದು ಒಟ್ಟಿಗೆ ತಿರುಗಿಸಿ ಹಾಕಬೇಕು.

ಅಷ್ಟು ತಾಳ್ಮೆ ಇಲ್ಲದಿದ್ದರೆ, ಒಗಟು ಬಿಡಿಸದೆಯೇ ದಾಟಿಸುವ ಸ್ಕಿಪ್ ಬಟನ್ ತುಂಬುವವರೆಗೆ ಹೋಗಿ ಕಾಫಿ ಮಾಡಿಕೊಂಡು ಬಾ.